ಗವಾಯಿಗಳ ನಿತ್ಯಜೀವನದ ಕುರುಹುಗಳು

(ಶ್ರೀಮಠದ ಮಹೋತ್ಸವದ ಸಂಗೀತಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಮಹಾಗಾಯಕನೊಬ್ಬನು ಕಣ್ಮರೆಯಾದ ಬಳಿಕ ಅವನ ಟೊಪ್ಪಿಗೆ, ಕನ್ನಡಕ, ಊರುಗೋಲು, ತಂಬೂರಿಗಳನ್ನು ಅಭಿಮಾನಿಗಳು ಭಕ್ತಿಯಿಂದ ಎತ್ತಿಡುವದು ಲೋಕದ ರೂಢಿ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ವಸ್ತುಗಳು ತಾವಾಗಿ ಮಾತಾಡುವದಿಲ್ಲ. ಟೊಪ್ಪಿಗೆಯನ್ನು ತೊಟ್ಟವನು ಮುಂಜಾನೆ ಎದ್ದು ಏನು ಮಾಡುತ್ತಿದ್ದನು, ಯಾರ ಮನೆಗೆ ನೀರು ಹೊತ್ತನು, ಯಾರ ಕೈಯ ಅನ್ನವನ್ನುಂಡು ವಿದ್ಯೆ ಕಲಿತನು ಎಂಬದು ನೋಡುವವನಿಗೆ ತಿಳಿಯದೆ ಹೋದರೆ, ಆ ಟೊಪ್ಪಿಗೆಯು ಬರಿಯ ಅರಿವೆಯಾಗಿ ಉಳಿಯುವದು. ಶಿಲ್ಪಿಯ ಕೆಲಸ ಕಲ್ಲಿನಲ್ಲಿ ನಿಲ್ಲುತ್ತದೆ, ಕವಿಯದು ಓಲೆಯಲ್ಲಿ ನಿಲ್ಲುತ್ತದೆ. ಹಾಡಿದ ಸ್ವರವಾದರೋ ಹುಟ್ಟಿದ ಕ್ಷಣದಲ್ಲಿಯೇ ಲಯವಾಗುವದು. ಆದುದರಿಂದ ಹಾಡಿದವರ ಬಾಳುವೆಯ ವಾರ್ತೆಯನ್ನು ಕಾದಿಡುವ ಹೊಣೆ ಹಿಂದೆ ಉಳಿದವರ ಮೇಲೆ ಹೆಚ್ಚಾಗಿ ಬೀಳುತ್ತದೆ. ಧಾರವಾಡ, ಹುಬ್ಬಳ್ಳಿ, ಕುಂದಗೋಳ, ಗದಗ ಈ ನಾಲ್ಕೂ ಊರುಗಳನ್ನು ಒಂದೇ ದಿನದಲ್ಲಿ ಸುತ್ತಿ ಬರಬಹುದು. ಇಷ್ಟು ಕಿರಿದಾದ ಸೀಮೆಯಲ್ಲಿ ಇಂಥ ವಾರ್ತೆಗಳು ಎಷ್ಟು ಹುದುಗಿರುವವೆಂಬದನ್ನು ನೋಡುವಾ.

ಮೊದಲು ಧಾರವಾಡ. ಅಲ್ಲಿ ‘ಮೃತ್ಯುಂಜಯ’ ಎಂಬ ಹೆಸರಿನ ಮನೆಯೊಂದುಂಟು. ಪಂಡಿತ ಮಲ್ಲಿಕಾರ್ಜುನ ಮನಸೂರರು ಬಾಳಿದ ಮನೆ ಅದು. ಈಗ ಅವರ ಸ್ಮಾರಕವಾಗಿದೆ. ಹೆಸರು ಮುರುಘಾಮಠದ ಮೃತ್ಯುಂಜಯಪ್ಪಗಳದು. ಆ ಪೂಜ್ಯರು ಬಡ ವಿದ್ಯಾರ್ಥಿಗಳಿಗೆ ಪ್ರಸಾದನಿಲಯವನ್ನು ನಡೆಸಿದ ದಾಸೋಹಮೂರ್ತಿಗಳು. ಮನಸೂರರಿಗೆ ಸಾಕ್ಷಾತ್ ಗುರುಸ್ವರೂಪರು. ಅಲ್ಲಾದಿಯಾಖಾನರ ಘರಾಣೆಯ ಅತಿ ಕಠಿಣವಾದ ಗಾಯಕಿಯನ್ನು ಕರಗತ ಮಾಡಿಕೊಂಡು ದೇಶದಲ್ಲೆಲ್ಲ ಕೀರ್ತಿವಂತರಾದವರು, ತಮ್ಮ ಬಿರುದನ್ನಾಗಲಿ ತಮಗೆ ಪ್ರಿಯವಾದ ರಾಗದ ಹೆಸರನ್ನಾಗಲಿ ಬಾಗಿಲ ಮೇಲೆ ಬರೆಸಲಿಲ್ಲ, ಗುರುವಿನ ಹೆಸರನ್ನು ಬರೆಯಿಸಿದರು. ಆ ಮನೆಯಲ್ಲಿ ನೋಡತಕ್ಕ ವಸ್ತುಗಳು ಹಲವಿದ್ದರೂ ಮೊದಲು ನೋಡತಕ್ಕದ್ದು ಈ ಹೆಸರೇ.

ಮನಸೂರರು 1910ರಲ್ಲಿ ಧಾರವಾಡದ ಮಗ್ಗುಲಿನ ಮನಸೂರು ಗ್ರಾಮದ ಒಕ್ಕಲುತನದ ಮನೆಯಲ್ಲಿ ಹುಟ್ಟಿದರು. ತಂದೆ ಭೀಮರಾಯಪ್ಪನವರಿಗೆ ಹಾಡಿನ ಹುಚ್ಚು, ಅಣ್ಣ ಬಸವರಾಜರಿಗೆ ನಾಟಕದ ಹುಚ್ಚು. ಬಾಲಕನು ಬಣ್ಣ ಹಚ್ಚಿಕೊಂಡು ರಂಗದ ಮೇಲೆ ನಿಂತನು. ಮುಂದೆ ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತದ ಪಾಠವಾಯಿತು. ಬಳಿಕ ನೀಲಕಂಠಬುವಾ ಅವರು ಮಿರಜಿಗೆ ಕರೆದುಕೊಂಡು ಹೋಗಿ ಗ್ವಾಲಿಯರದ ಪದ್ಧತಿಯನ್ನು ಕಲಿಸಿದರು. ಹಿಜ್ ಮಾಸ್ಟರ್ಸ್ ವಾಯ್ಸ್ ಕಂಪನಿಯವರು ಅವರ ಹಾಡುಗಳನ್ನು ಗ್ರಾಮೋಫೋನಿನ ತಟ್ಟೆಗಳಲ್ಲಿ ಹಿಡಿದರು. ಆ ಕಾಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷಗಳ ಅವಕಾಶ. ತಾಸುಗಟ್ಟಲೆ ಹಬ್ಬತಕ್ಕ ರಾಗವನ್ನು ಅಷ್ಟರೊಳಗೆ ಮುಗಿಸಬೇಕು. ಬಂಗಾರದ ಗಟ್ಟಿಯನ್ನು ಉಂಗುರವಾಗಿ ಬಡಿಯುವ ಕೆಲಸವದು. ಗೌಡಮಲ್ಹಾರ, ಅಡಾಣಾ ರಾಗಗಳ ತಟ್ಟೆಯೊಂದು ಮುಂಬಯಿಯಲ್ಲಿ ಖಾನಸಾಹೇಬರ ಕಿವಿಗೆ ಬಿದ್ದುದರ ಮೂಲಕವೇ ಮನಸೂರರಿಗೆ ಮಂಜೀಖಾನರ ಶಿಷ್ಯತ್ವ ಲಭಿಸಿತು. ಅರಗಿನ ಆ ಕರಿಯ ತಟ್ಟೆಯನ್ನು ಬರಿಯ ಸ್ಮರಣವಸ್ತುವೆಂದು ಹೇಗೆ ಅನ್ನಬೇಕು? ಅದು ಒಂದು ಜೀವನವನ್ನೇ ಹೊರಳಿಸಿದ ವಸ್ತು. 1937ರಲ್ಲಿ ಮಂಜೀಖಾನರು ಅಕಾಲದಲ್ಲಿ ತೀರಿಕೊಂಡಾಗ ಶಿಷ್ಯರು ಅನಾಥರಂತಾದರು. ಆಮೇಲೆ ಕಿರಿಯ ಸಹೋದರ ಭುರ್ಜೀಖಾನರು ಪಾಠವನ್ನು ಮುಂದುವರಿಸಿದರು. ಒಕ್ಕಲಿಗರ ಮಗ, ಇಷ್ಟಲಿಂಗಧಾರಿ, ಮುಸಲ್ಮಾನ ಉಸ್ತಾದರ ಮುಂದೆ ಮಗನಂತೆ ಕುಳಿತು ಕಲಿತ ಈ ಸಂಗತಿಯು ಆ ಕಾಲದಲ್ಲಿ ಯಾರಿಗೂ ವಿಚಿತ್ರವಾಗಿ ತೋರಲಿಲ್ಲವೆಂಬದನ್ನು ಇಲ್ಲಿ ನೆನೆಯುವದು ಒಳ್ಳೆಯದು.

ಮನೆಯಲ್ಲಿ ಅವರ ಇರವು ಅತಿ ಸಾದಾ. ಸಣ್ಣ ಆಳು, ಧೋತರ, ಕೋಟು, ತಲೆಯ ಮೇಲೆ ಕರಿಯ ಟೊಪ್ಪಿಗೆ, ದಪ್ಪ ಕನ್ನಡಕ. ಬೀದಿಯಲ್ಲಿ ಎದುರಾದವನು ಹಳ್ಳಿಯ ಶಾಲೆಯ ಮಾಸ್ತರರೆಂದು ತಿಳಿದರೆ ಆಶ್ಚರ್ಯವಿಲ್ಲ. ಬೀಡಿಯ ಚಟ ಬಲವಾಗಿತ್ತು. ಭಕ್ತಿಯ ಭರದಲ್ಲಿ ಇದನ್ನು ಮರೆಮಾಚುವದು ಸರಿಯಲ್ಲ. ಕಡೆಗೆ ಪುಪ್ಪುಸದ ರೋಗವೇ ಅವರನ್ನು ಹಣ್ಣು ಮಾಡಿತು. ಆದರೆ ಬೆಳಗಿನ ಶಿವಪೂಜೆಯ ಹೊತ್ತು ಬೇರೆ. ಸ್ನಾನ ಮಾಡಿ, ಹೂ ಪತ್ರಿಗಳನ್ನು ಕೂಡಿಸಿಕೊಂಡು, ಶರಣರ ವಚನಗಳನ್ನು ಗುನುಗುತ್ತ ಪೂಜೆಗೆ ಕೂಡ್ರುವ ಆ ವೇಳೆಯಲ್ಲಿ ಶ್ರೋತೃಗಳಿಲ್ಲ, ತಬಲೆಯಿಲ್ಲ, ಚಪ್ಪಾಳೆಯಿಲ್ಲ. ಸಭೆಯಲ್ಲಿ ಅವರ ವಚನಗಾಯನವನ್ನು ಕೇಳಿ ತಲೆದೂಗಿದವರು ಅನೇಕರು. ಅದರ ಬೇರು ಮನೆಯೊಳಗಿನ ಈ ಗುನುಗಿನಲ್ಲಿತ್ತು. 1992ರಲ್ಲಿ ಸರಕಾರವು ಪದ್ಮವಿಭೂಷಣವನ್ನು ಕೊಟ್ಟಿತು. ಅದೇ ವರುಷ ಸಪ್ಟಂಬರ 12ರಂದು ಅವರು ಲಿಂಗೈಕ್ಯರಾದರು.

ತಿಥಿಯ ಮಾತು ಬಂದುದರಿಂದ ಒಂದು ಸ್ವಾರಸ್ಯ. ಅದಕ್ಕೆ ಸರಿಯಾಗಿ ನಾಲ್ವತ್ತು ವರುಷ ಮೊದಲು, 1952ರ ಸಪ್ಟಂಬರ 12ರಂದು, ಕುಂದಗೋಳದ ರಾಮಚಂದ್ರರಾಯರು, ಎಂದರೆ ಸವಾಯಿ ಗಂಧರ್ವರು ದೇಹವಿಟ್ಟಿದ್ದರು. ಅವರ ಮನೆಯಲ್ಲಿ ಭೀಮಸೇನ ಜೋಶಿಯವರು ಬಾವಿಯಿಂದ ಕೊಡಗಟ್ಟಲೆ ನೀರು ಹೊತ್ತು ವಿದ್ಯೆ ಸಂಪಾದಿಸಿದ ಕಥೆ ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಂಚಿನದೊಂದು ಇನ್ನೂ ಸೊಗಸಾಗಿದೆ. ಗದಗಿನಲ್ಲಿ ಬಾಲಕ ಭೀಮಸೇನನು ಭಜನೆಯ ಮೇಳವಾಗಲಿ ಬ್ಯಾಂಡಾಗಲಿ ಹೋಯಿತೆಂದರೆ ಅದರ ಬೆನ್ನು ಹತ್ತಿ ಹೋಗಿ, ದಣಿದು ಎಲ್ಲಿಯೋ ನಿದ್ದೆ ಹೋಗುತ್ತಿದ್ದನಂತೆ. ಹುಡುಕಿ ಹುಡುಕಿ ಬೇಸತ್ತ ತಂದೆ ಗುರುರಾಜ ಜೋಶಿಯವರು ಹುಡುಗನ ಅಂಗಿಯ ಮೇಲೆ ಇವನು ಜೋಶಿ ಮಾಸ್ತರರ ಮಗನೆಂದು ಬರೆದುಬಿಟ್ಟರು. ಕಂಡವರು ಮನೆಗೆ ತಂದು ಬಿಡುತ್ತಿದ್ದರು. ಆ ಅಂಗಿಯನ್ನು ಯಾರಾದರೂ ಕಾದಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು!

ಅದೇ ಕುಂದಗೋಳಕ್ಕೆ ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಹೋಗುತ್ತಿದ್ದವರು ಗಂಗೂಬಾಯಿ ಹಾನಗಲ್ಲರು. ಅವರ ಮನೆ ‘ಗಂಗಾಲಹರಿ’ ಇಂದು ಹುಬ್ಬಳ್ಳಿಯಲ್ಲಿ ವಸ್ತುಸಂಗ್ರಹವಾಗಿದೆ. ವಾದ್ಯಗಳನ್ನು, ಚಿತ್ರಗಳನ್ನು ನೋಡಿ ಬರುವವರು ಆ ತಾಯಿ ತಾವೇ ಹೇಳುತ್ತಿದ್ದ ಎರಡು ಪ್ರಸಂಗಗಳನ್ನು ನೆನಪಿನಲ್ಲಿಟ್ಟುಕೊಂಡು ಹೋಗಬೇಕು. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಮಹಾಸಭೆಗೆ ಗಾಂಧೀಜಿಯವರು ಅಧ್ಯಕ್ಷರು. ಸ್ವಾಗತಗೀತೆಯನ್ನು ಹಾಡಿದ ಬಾಲಿಕೆಯರಲ್ಲಿ ಗಂಗೂಬಾಯಿಯೂ ಒಬ್ಬಳು. ಮಹಾತ್ಮರ ಮುಂದೆ ಹಾಡುವ ಭಯ ಆ ಹುಡುಗಿಗೆ ಇರಲಿಲ್ಲ. ಊಟವಾದ ಮೇಲೆ ಕೆಳಗಿನ ಜಾತಿಯವಳೆಂದು ಎಂಜಲೆಲೆ ಎತ್ತಲು ತನಗೇ ಹೇಳುವರೋ ಏನೋ ಎಂಬ ಭಯವಿತ್ತು! ಇನ್ನೊಂದು ಧಾರವಾಡದ್ದು. ನೆರೆಮನೆಯ ಹಿತ್ತಲಲ್ಲಿ ಮಾವಿನಕಾಯಿ ಕದ್ದ ಹುಡುಗಿಯನ್ನು ಮನೆಯವರು ಬೈದು ಅಟ್ಟಿದರು. ಅವರಿಗೆ ಸಿಟ್ಟು ಬಂದದ್ದು ಕಾಯಿ ಹೋದುದಕ್ಕಲ್ಲ, ಹಾಡುವವರ ಮಗಳು ಹಿತ್ತಲನ್ನು ಮೆಟ್ಟಿದ್ದಕ್ಕೆ. ಮುಂದೆ ಅಂಥವರೇ ಅವರನ್ನು ಮನೆಗೆ ಕರೆದು ಆದರದಿಂದ ಉಣಬಡಿಸಿದರು. ಈ ಮಾತನ್ನು ಅವರು ಕಹಿಯಿಲ್ಲದೆ, ನಗುನಗುತ್ತ ಹೇಳುತ್ತಿದ್ದರು. ಕೇಳಿದವರು ನಕ್ಕು ಸುಮ್ಮನಾಗುವ ಮಾತಲ್ಲ ಅದು. ಹುಟ್ಟಿನ ಮೇಲುಕೀಳನ್ನು ಒಪ್ಪೆವೆಂದು ಹೇಳಿದ ಶರಣರ ನಾಡಿನಲ್ಲಿ, ಅವರಾಗಿ ಏಳೆಂಟು ನೂರು ವರುಷ ಕಳೆದ ಮೇಲೆ ನಡೆದದ್ದು. ಶೋಭೆಯ ಪದಕಗಳ ಪಕ್ಕದಲ್ಲಿ ಈ ಎಂಜಲೆಲೆಯ ಭಯಕ್ಕೂ ಒಂದು ಸ್ಥಳ ಇರತಕ್ಕದ್ದು. ಇಲ್ಲವಾದರೆ ಆ ಪದಕಗಳ ತೂಕ ತಿಳಿಯದು. 2009ರ ಜುಲೈ 21ರಂದು ಅವರು ತೀರಿಕೊಂಡಾಗ ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು.

ಕಣ್ಣಿನ ಮಾತು ಬಂದಿತು. ಇನ್ನು ಗದಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗದೆ ಗತ್ಯಂತರವಿಲ್ಲ. ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನೆಂಬ ಕುರುಡು ಬಾಲಕನನ್ನೂ, ಅವನಂತೆಯೇ ದೃಷ್ಟಿಯಿಲ್ಲದ ಅವನ ಅಣ್ಣನನ್ನೂ ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳು ಕಂಡು, ಹಾಡನ್ನು ಕೇಳಿ, ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಕುರುಡು ಮಗುವೆಂದರೆ ಭಿಕ್ಷೆಗೆ ಹುಟ್ಟಿದ್ದೆಂದು ತಿಳಿಯುತ್ತಿದ್ದ ಕಾಲವದು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳಾದನು. ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಅವರಿಗೂ ಮನಸೂರರಿಗೂ ನೀಲಕಂಠಬುವಾ ಅವರೇ ಗುರುಗಳು. ಆದರೆ ಪಂಚಾಕ್ಷರಿ ಗವಾಯಿಗಳಿಗೆ ಬಹುಕಾಲ ಮನೆಯೆಂಬುದೇ ಇರಲಿಲ್ಲ. ಅವರ ಪಾಠಶಾಲೆ ಸಂಚಾರಿ. ಶಿಷ್ಯರನ್ನೂ ವಾದ್ಯಗಳನ್ನೂ ಕಟ್ಟಿಕೊಂಡು ಊರಿಂದೂರಿಗೆ ಹೋಗುವದು, ಮಠವೋ ಗುಡಿಯೋ ಸಿಕ್ಕಲ್ಲಿ ಇಳಿಯುವದು, ಭಕ್ತರು ನೀಡಿದುದನ್ನು ಎಲ್ಲರೂ ಹಂಚಿ ಉಣ್ಣುವದು. ಕುರುಡ ಶಿಷ್ಯನ ಕೈಯನ್ನು ಕುರುಡ ಗುರು ತಾನೇ ಹಿಡಿದು ವಾದ್ಯದ ಮೇಲಿಡಬೇಕು. ಬರೆದುಕೊಳ್ಳುವ ಮಾತೇ ಇಲ್ಲ, ಎಲ್ಲವೂ ಕಿವಿಯಿಂದ ಕಂಠಕ್ಕೆ.

ಒಂದೇ ಒಂದು ಪ್ರಸಂಗ ಸಾಕು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ. ಅಲ್ಲಿ ತರುಣ ಬಸವರಾಜ ರಾಜಗುರು ಮೊದಲ ಬಾರಿಗೆ ದೊಡ್ಡ ಸಭೆಯ ಮುಂದೆ ಹಾಡಲು ಕುಳಿತರು. ಮಗ್ಗುಲಲ್ಲಿ ತಬಲಾ ನುಡಿಸಲು ಕುಳಿತವರು ಸ್ವತಃ ಗುರುಗಳಾದ ಪಂಚಾಕ್ಷರಿ ಗವಾಯಿಗಳು. ತಾನು ಹಾಡಿ ಮೆಚ್ಚಿಸಬಹುದಾದ ಸಭೆಯಲ್ಲಿ ಗುರುವು ಶಿಷ್ಯನ ಲಯವನ್ನು ಕಾಯುತ್ತ ಕುಳಿತನು.

1944ರಲ್ಲಿ ಅವರು ಲಿಂಗೈಕ್ಯರಾದಾಗ ಬಿಟ್ಟುಹೋದ ಆಸ್ತಿಯೆಂದರೆ ಉಣಬೇಕಾದ ಬಾಯಿಗಳು. ಆ ಭಾರವನ್ನು ಹೊತ್ತವರು, ಶೈಶವದಲ್ಲಿಯೇ ದೃಷ್ಟಿ ಕಳಕೊಂಡ ದೇವಗಿರಿಯ ಪುಟ್ಟರಾಜ ಗವಾಯಿಗಳು. ಹಾರ್ಮೋನಿಯಂ, ಸಾರಂಗಿ, ಪಿಟೀಲು, ತಬಲಾ ಮೊದಲಾದವುಗಳೆಲ್ಲ ಅವರ ಬೆರಳಿಗೆ ಒಲಿದಿದ್ದವು. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥರಚನೆ ಮಾಡಿದರು. ಆರು ಚುಕ್ಕೆಗಳ ಬ್ರೇಲ್ ಲಿಪಿಯಲ್ಲಿ ಭಗವದ್ಗೀತೆಯನ್ನಿಳಿಸಿದರು. ಇಷ್ಟಾದರೂ ಆಶ್ರಮದ ಒಲೆ ಉರಿಯಬೇಕಲ್ಲ! ಅದಕ್ಕಾಗಿ ನಾಟಕ ಮಂಡಳಿಯನ್ನು ನಡೆಸಿದರು. ರಂಗದ ಆದಾಯವು ಅಡಿಗೆಯ ಮನೆಗೆ. ಗವಾಯಿಗಳು ನಾಟಕದ ಕಂಪನಿ ಇಡುವದೇ ಎಂದು ಮೂಗು ಮುರಿಯುವವರು ಆ ಮಕ್ಕಳ ಸಾಲುಪಂಕ್ತಿಯನ್ನು ಒಮ್ಮೆ ನೋಡಿದ್ದರೆ ಸಾಕಾಗಿತ್ತು.

ಹೀಗಿರುವದರಿಂದ ಗದಗಿನಲ್ಲಿ ಸ್ಮರಣವಸ್ತುಗಳನ್ನು ಅರಸಿ ಹೋದವರಿಗೆ ಗಾಜಿನ ಪೆಟ್ಟಿಗೆಗಿಂತ ಮೊದಲು ಕಿವಿಗೆ ಬೀಳುವದು ಅಭ್ಯಾಸದ ಧ್ವನಿ: ಒಂದು ಮೂಲೆಯಲ್ಲಿ ಸರಗಮ, ಇನ್ನೊಂದರಲ್ಲಿ ತಬಲೆಯ ಬೋಲು. ಪುಟ್ಟರಾಜ ಗವಾಯಿಗಳನ್ನು ಭಕ್ತರು ನಾಡಿನ ಊರೂರುಗಳಲ್ಲಿ ಸಾವಿರಾರು ಸಲ ತಕ್ಕಡಿಯಲ್ಲಿ ಕೂಡ್ರಿಸಿ ತುಲಾಭಾರ ಮಾಡಿದರು. ಒಂದು ತಟ್ಟೆಯಲ್ಲಿ ಗವಾಯಿಗಳು, ಇನ್ನೊಂದರಲ್ಲಿ ನಾಣ್ಯ. 2010ರ ಸಪ್ಟಂಬರ 17ರಂದು ಅವರು ಲಿಂಗೈಕ್ಯರಾಗುವವರೆಗೂ ಹಾಗೆ ತೂಗಿ ಬಂದ ಹಣವು ಆಶ್ರಮದ ಮಕ್ಕಳ ಅನ್ನಕ್ಕೆ, ಅರಿವೆಗೆ, ವಿದ್ಯೆಗೆ ಸಂದಿತು. ಆ ಪಂಕ್ತಿಯಲ್ಲಿ ಕುಳಿತು ಉಂಡ ಹುಡುಗರು ಮುಂದೆ ಶಾಲೆಗಳಲ್ಲಿ ಸಂಗೀತದ ಮಾಸ್ತರರಾಗಿ, ಪುರಾಣಪ್ರವಚನಗಳಿಗೆ ಹಾರ್ಮೋನಿಯಂ ನುಡಿಸುವವರಾಗಿ, ತಬಲಾವಾದಕರಾಗಿ ನಾಡಿನ ಮಠಮಠಗಳಲ್ಲಿ ಹರಡಿಕೊಂಡರು.