ಲೈಬ್ಲ್ ಕತ್ತರಿಸಿ ಉಳಿಸಿದ್ದು

ಜರ್ಮನಿಯ ವಾಸ್ತವವಾದಿ ಚಿತ್ರಕಾರ ವಿಲ್‌ಹೆಲ್ಮ್ ಲೈಬ್ಲ್‌ಗೆ ‘ರೈತರ ಚಿತ್ರಕಾರ’ ಎಂಬ ಹಣೆಪಟ್ಟಿ ಅಂಟಿಬಿಟ್ಟಿದೆ. ಅದು ಅವನ ಅರ್ಧ ಮಾತ್ರ ಎಂಬುದು ನನ್ನ ವಾದ. ಚರ್ಚಿನ ಸಂಗೀತ ನಿರ್ದೇಶಕನ ಮಗನಾಗಿ 1844ರಲ್ಲಿ ಕಲೋನ್‌ನಲ್ಲಿ ಹುಟ್ಟಿದ ಲೈಬ್ಲ್, 1864ರಲ್ಲಿ ಮ್ಯೂನಿಕ್ ಕಲಾ ಅಕಾಡೆಮಿಗೆ ಸೇರಿದ. ಅಲ್ಲಿ ಆಗ ಮೆರೆಯುತ್ತಿದ್ದುದು ಕಾರ್ಲ್ ಪಿಲೋಟಿಯ ಐತಿಹಾಸಿಕ ಚಿತ್ರಗಳು, ಅಂದರೆ ನಾಟಕದ ರಂಗಸಜ್ಜಿಕೆಯಂಥ ದೊಡ್ಡ ದೊಡ್ಡ ದೃಶ್ಯಗಳು. ಪಿಲೋಟಿಯ ಶಿಷ್ಯನಾಗಿದ್ದೂ ಲೈಬ್ಲ್ ಕಥೆಯ ಹಂಗಿಲ್ಲದ ಮುಖಗಳನ್ನೇ ಬರೆದ. 1869ರಲ್ಲಿ ಮ್ಯೂನಿಕ್‌ಗೆ ಬಂದ ಫ್ರೆಂಚ್ ಚಿತ್ರಕಾರ ಕೂರ್ಬೆ, ಅಲ್ಲಿ ಪ್ರದರ್ಶನಕ್ಕಿದ್ದ, ಲೈಬ್ಲ್ ಬರೆದ ಶ್ರೀಮತಿ ಗೆಡಾನ್ ಅವರ ಭಾವಚಿತ್ರವನ್ನು ಮೆಚ್ಚಿಕೊಂಡ. ಅದರ ಬೆನ್ನಲ್ಲೇ ಲೈಬ್ಲ್ ಪ್ಯಾರಿಸ್‌ಗೆ ಹೋದ; ಮರುವರ್ಷ ಅಲ್ಲಿನ ಸಲೋನ್ ಕಲಾಪ್ರದರ್ಶನದಲ್ಲಿ ಚಿನ್ನದ ಪದಕವೂ ಬಂತು. ಅಷ್ಟರಲ್ಲಿ ಫ್ರಾನ್ಸ್–ಪ್ರಷ್ಯಾ ಯುದ್ಧ ಅವನನ್ನು ಊರಿಗೆ ಅಟ್ಟಿತು.

1873ರಲ್ಲಿ ಮ್ಯೂನಿಕ್ ನಗರ ಬಿಟ್ಟವನು ಬವೇರಿಯಾದ ಹಳ್ಳಿಗಳಲ್ಲೇ ಉಳಿದ. ಬೆರ್ಬ್ಲಿಂಗ್‌ನ ಚರ್ಚಿನಲ್ಲಿ 1878ರಲ್ಲಿ ಶುರುಮಾಡಿದ ‘ಚರ್ಚಿನಲ್ಲಿ ಮೂವರು ಹೆಂಗಸರು’ ಮುಗಿದದ್ದು 1882ರಲ್ಲಿ. ಹರೆಯ, ನಡುವಯಸ್ಸು, ಮುಪ್ಪು ಒಂದೇ ಸಾಲಿನಲ್ಲಿ ಕೂತಿವೆ. ಇದು ಭಕ್ತಿಯ ಚಿತ್ರವೆಂದು ಹೊಗಳಿದವರುಂಟು. ಭಕ್ತಿ ಇಲ್ಲವೆನ್ನಲಾರೆ, ಆದರೆ ಚೌಕುಳಿ ಏಪ್ರನ್ನಿನ ಒಂದೊಂದು ಮಡಿಕೆಗೂ, ಬೆಂಚಿನ ಕೆತ್ತನೆಗೂ ಮುಖಕ್ಕೆ ಕೊಟ್ಟಷ್ಟೇ ಗಮನ ಸಂದಿದೆ. ಪ್ರಾರ್ಥನೆಯನ್ನು ಸಾರಹೊರಟವನಿಗೆ ಇಷ್ಟು ಏಪ್ರನ್ ಏಕೆ ಬೇಕು?

ಹಾಗಾದರೆ ಇದು ಕ್ಯಾಮೆರಾದ ಕೆಲಸ ತಾನೇ, ಎಂಬ ಆಕ್ಷೇಪಣೆಯಿದೆ. ಚಿತ್ರವನ್ನು ಅಳೆದು ನೋಡಿದರೆ ಆ ಮಾತು ನಿಲ್ಲುವುದಿಲ್ಲ: ದೇಹಗಳ ಪ್ರಮಾಣ ಅಲ್ಲಲ್ಲಿ ಹೊಂದುವುದಿಲ್ಲ. ಹತ್ತಿರ ಕೂತು, ಒಂದು ಭಾಗವನ್ನು ಪೂರೈಸಿ ಇನ್ನೊಂದಕ್ಕೆ ಕೈಹಾಕುವುದು ಅವನ ರೀತಿ. ಹೀಗಾಗಿ ಪ್ರತಿಯೊಂದು ತುಣುಕೂ ನಿಜ, ಇಡಿಯಾಗಿ ನೋಡಿದರೆ ಸ್ವಲ್ಪ ಸೊಟ್ಟ. ಅವನ ಶಕ್ತಿ, ದೋಷ ಎರಡರ ಬೇರೂ ಒಂದೇ. ಇದು ಅವನಿಗೂ ಗೊತ್ತಿತ್ತೆಂದು ತೋರುತ್ತದೆ. 1882ರಿಂದ ನಾಲ್ಕು ವರ್ಷ ಹೆಣಗಿದ ‘ಕಳ್ಳಬೇಟೆಗಾರರು’ ಚಿತ್ರದಲ್ಲಿ ಆಕೃತಿಗಳು ಪರಸ್ಪರ ಕೂಡದೆ ಹೋದಾಗ ಅದನ್ನು ಕತ್ತರಿಸಿ, ತಲೆಗಳಿರುವ ತುಣುಕುಗಳನ್ನು ಉಳಿಸಿಕೊಂಡ. ಸಿಟ್ಟಿನ ಕೆಲಸವೆನ್ನಬಹುದು, ಆದರೆ ಸಿಟ್ಟು ಬಂದವನು ಸುಟ್ಟುಹಾಕುತ್ತಾನೆ, ತಲೆಗಳನ್ನು ಆಯ್ದು ಉಳಿಸುವುದಿಲ್ಲ. 1900ರಲ್ಲಿ ಲೈಬ್ಲ್ ತೀರಿಕೊಂಡ. ಆ ತುಣುಕುಗಳನ್ನು ವಸ್ತುಸಂಗ್ರಹಾಲಯಗಳು ಇಂದಿಗೂ ಪೂರ್ಣ ಚಿತ್ರಗಳಂತೆಯೇ ಚೌಕಟ್ಟು ಹಾಕಿ ಇಟ್ಟಿವೆ.