ಬೊಂಬೆ ಕುದುರೆ, ನಿಜವಾದ ಕುದುರೆ

ಇವತ್ತು ಕುದುರೆ ವಿಷಯ. ಗಾಬರಿಯಾಗಬೇಡಿ, ಶಾಸಕರ ಕುದುರೆ ವ್ಯಾಪಾರ ಅಲ್ಲ. ನಾಲ್ಕು ಕಾಲಿನ, ನಿಜವಾದ ಕುದುರೆ!

ಆಟಿಸಂ ಇರುವ ಮಕ್ಕಳ ಅಪ್ಪ-ಅಮ್ಮನನ್ನ ಕೇಳಿ ನೋಡಿ. ಸ್ಪೀಚ್ ಥೆರಪಿ ಆಯ್ತು, ನಾಟಿ ಔಷಧಿ ಆಯ್ತು, ಹರಕೆ ಆಯ್ತು. ಈಗ ಯಾರೋ ಬಂದು, "ಕುದುರೆ ಸವಾರಿ ಮಾಡಿಸಿ, ಮಗು ಸರಿಹೋಗುತ್ತೆ" ಅಂತಾರೆ. ಹೌದಾ?

ಅಮೆರಿಕದ ಕೊಲರಾಡೋದಲ್ಲಿ ಇದನ್ನ ಕ್ರಮವಾಗಿ ಪರೀಕ್ಷೆ ಮಾಡಿದ್ರು. ಫಲಿತಾಂಶ ಪ್ರಕಟವಾಗಿದ್ದು 2015ರಲ್ಲಿ. ಆಟಿಸಂ ಇರುವ, 6ರಿಂದ 16 ವರ್ಷದ 127 ಮಕ್ಕಳು. ಚೀಟಿ ಎತ್ತಿದ ಹಾಗೆ ಎರಡು ಗುಂಪು. ಒಂದು ಗುಂಪು 10 ವಾರ ಕುದುರೆ ಏರಿತು. ಇನ್ನೊಂದು ಗುಂಪಿಗೂ ಕುದುರೆ ಬಗ್ಗೆಯೇ ಪಾಠ. ಆದರೆ ಅವರ ಮುಂದೆ ನಿಲ್ಲಿಸಿದ್ದು ಆಳೆತ್ತರದ ಬೊಂಬೆ ಕುದುರೆ! ಯಾಕೆ ಗೊತ್ತಾ? ಬಯಲು ಗಾಳಿ, ಹೊಸ ಜಾಗ, ಅಕ್ಕರೆಯಿಂದ ಮಾತಾಡಿಸೋ ಜನ, ಇಷ್ಟರಿಂದಲೇ ಮಗು ಗೆಲುವಾಗಬಹುದಲ್ಲ. ಅದರಲ್ಲಿ ಕುದುರೆಯ ಪಾಲೆಷ್ಟು ಅಂತ ತಿಳೀಬೇಕಿತ್ತು.

ಕುದುರೆ ಏರಿದ ಮಕ್ಕಳ ಸಿಡಿಮಿಡಿ ಇನ್ನೊಂದು ಗುಂಪಿಗಿಂತ ತಗ್ಗಿತು, ಚಡಪಡಿಕೆ ಇಳೀತು, ಆಡುವ ಮಾತು ಹೆಚ್ಚಿತು. ಸಣ್ಣ ಸಂಗತಿಯಲ್ಲ ಇದು. ದಿನವಿಡೀ ಕಿರುಚಾಡೋ ಮಗು ಒಂದು ಗಂಟೆ ಸಮಾಧಾನವಾಗಿದ್ರೂ ಆ ಮನೆಗೆ ಅದು ಹಬ್ಬ. ಸಿಡಿಮಿಡಿ ಎಷ್ಟು ತಗ್ಗಿತು ಅಂತ ಅಂಕ ಹಾಕಿದ್ದು ಮಾತ್ರ ಮನೆಯವರೇ. ಅವರಿಗೆ ತಮ್ಮ ಮಗು ಕುದುರೆ ಏರಿದ್ದು ಗೊತ್ತಿತ್ತು, ಅಷ್ಟರ ಮಟ್ಟಿಗೆ ಲೆಕ್ಕ ಕಳೀಬೇಕು.

ಇದರಲ್ಲಿ ಮಾಯವೇನಿಲ್ಲ. ಕುದುರೆ ಹೆಜ್ಜೆ ಹಾಕುವಾಗ ಸವಾರನ ಸೊಂಟ ನಾವು ನಡೆಯುವಾಗ ಆಡಿದ ಹಾಗೇ ಆಡುತ್ತೆ. ಜೊತೆಗೆ, ಮಗು "ನಡಿ" ಅಂದ್ರೆ ಅಷ್ಟು ದೊಡ್ಡ ಪ್ರಾಣಿ ನಡೆಯುತ್ತೆ, "ನಿಲ್ಲು" ಅಂದ್ರೆ ನಿಲ್ಲುತ್ತೆ. ಯಾರೂ ತನ್ನ ಮಾತು ಕೇಳಲ್ಲ ಅಂದುಕೊಂಡ ಮಗುವಿಗೆ ಇದು ಕಡಿಮೆಯಾ ಹೇಳಿ?

ಆಟಿಸಂ ಹೋಯ್ತಾ? ಇಲ್ಲ. ಹಾಗಾಗಿ ಜಾಹೀರಾತಿನಲ್ಲಿ "ಸಂಪೂರ್ಣ ಗುಣ" ಅಂತ ಕಂಡರೆ ಆ ಕಡೆ ತಲೆ ಹಾಕಬೇಡಿ. ಸ್ಪೀಚ್ ಥೆರಪಿ ನಿಲ್ಲಿಸಿ ಆ ದುಡ್ಡು ಇಲ್ಲಿಗೆ ಕಟ್ಟಬೇಡಿ. ಕಳಿಸೋದೇ ಆದರೆ ಮೊದಲು ಡಾಕ್ಟರನ್ನ ಕೇಳಿ. ಆಮೇಲೆ ಕೇಂದ್ರದವರನ್ನ ಕೇಳಿ: ತಲೆಗೆ ಹೆಲ್ಮೆಟ್ ಇದೆಯಾ? ಪಕ್ಕದಲ್ಲಿ ಹಿಡಿದು ನಡೆಯೋರು ಇರ್ತಾರಾ? ನಮ್ಮ ಮಗು ಹೆದರಿ ಅತ್ತರೆ ತಕ್ಷಣ ಇಳಿಸ್ತೀರಾ?