ಬಸ್ಸಿದೆ, ಓಡಿಸಲು ಹಣವಿಲ್ಲ



ಅಮೆರಿಕ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಅಗಲವಾದ ಹೆದ್ದಾರಿ, ಸಾಲು ಸಾಲು ಕಾರು. ಅದೇ ದೇಶದ ಫಿಲಡೆಲ್ಫಿಯಾ ನಗರದಲ್ಲಿ 2025ರ ಆಗಸ್ಟ್ 24ರಂದು 32 ಬಸ್ ಮಾರ್ಗಗಳನ್ನು ನಿಲ್ಲಿಸಲಾಯಿತು. ಮರುದಿನವೇ ಶಾಲೆಗಳ ಪ್ರಾರಂಭ! ಅಲ್ಲಿನ ಸಾವಿರಾರು ವಿದ್ಯಾರ್ಥಿಗಳೂ ನಿಮ್ಮಂತೆಯೇ ಸಾರ್ವಜನಿಕ ಬಸ್ಸನ್ನೇ ನಂಬಿದವರು. ಬಸ್ಸುಗಳು ಡಿಪೋದಲ್ಲೇ ಇದ್ದವು. ಇರದಿದ್ದುದು ಅವನ್ನು ಓಡಿಸುವ ಹಣ. ಸಿರಿವಂತ ದೇಶಕ್ಕೆ ಈ ಅವಸ್ಥೆ ಏಕೆ ಬಂತು?

ಸ್ವಲ್ಪ ಹಿಂದಕ್ಕೆ ಹೋಗೋಣ. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಮಾಡಿದ ಹೆದ್ದಾರಿ ಕಾಯಿದೆ 41,000 ಮೈಲಿ ಅಂತರರಾಜ್ಯ ರಸ್ತೆಗಳನ್ನು ಯೋಜಿಸಿತು. ವೆಚ್ಚದಲ್ಲಿ ನೂರಕ್ಕೆ 90 ಪಾಲು ಕೇಂದ್ರ ಸರ್ಕಾರದ್ದು. ಅದಕ್ಕೆಂದೇ ಪೆಟ್ರೋಲ್ ತೆರಿಗೆಯ ಪ್ರತ್ಯೇಕ ನಿಧಿ. ತಾನು ಹತ್ತು ಡಾಲರ್ ಹಾಕಿದರೆ ತೊಂಬತ್ತು ಡಾಲರ್ ಬರುವಾಗ ಯಾವ ರಾಜ್ಯ ತಾನೇ ರೈಲು ಕೇಳೀತು? ಆ ತೆರಿಗೆಯಲ್ಲಿ ನಗರ ಸಾರಿಗೆಗೆ ಪಾಲು ದೊರೆತದ್ದು 1982ರ ಕಾಯಿದೆಯಿಂದ, ಅದೂ ಗ್ಯಾಲನ್ನಿಗೆ ಒಂದು ಸೆಂಟ್. ಬೆಲೆಗಳೆಲ್ಲ ಏರಿದರೂ ತೆರಿಗೆ ಮಾತ್ರ 1993ರಿಂದ 18.4 ಸೆಂಟಿನಲ್ಲೇ ನಿಂತಿದೆ.

ಇದಕ್ಕಿಂತ ವಿಚಿತ್ರವಾದ ನಿಯಮವೊಂದಿದೆ. ಕೇಂದ್ರದ ನೆರವಿನಿಂದ ಹೊಸ ಬಸ್ಸು ಕೊಳ್ಳಬಹುದು, ಹಳಿ ಹಾಕಬಹುದು. ಆದರೆ ಎರಡು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರ ಪ್ರದೇಶಗಳು ಅದನ್ನು ಚಾಲಕರ ಸಂಬಳಕ್ಕೆ, ಇಂಧನಕ್ಕೆ ಸಾಮಾನ್ಯವಾಗಿ ಬಳಸುವಂತಿಲ್ಲ. 1998ರ ಕಾಯಿದೆ ಇದನ್ನು ಗಟ್ಟಿಮಾಡಿತು. ಹಸು ಕೊಡಿಸಿ, ಹುಲ್ಲು ನಿನ್ನದು ಎಂದಂತೆ. ಕೋವಿಡ್ ಕಾಲದಲ್ಲಷ್ಟೇ, 2020ರಲ್ಲಿ, ದಿನದ ಖರ್ಚಿಗೂ ಕೇಂದ್ರ ಕೈಬಿಚ್ಚಿ ಕೊಟ್ಟಿತು. ಆ ಹಣ ಮುಗಿಯಿತು, ಕೊರತೆ ಉಳಿಯಿತು.

ಹಾಗಾದರೆ ಸ್ಥಳೀಯರೇ ತೆರಿಗೆ ಕೊಡಬಾರದೇ ಎಂದು ನೀವು ಕೇಳಬಹುದು. ಅಟ್ಲಾಂಟದಲ್ಲಿ 1971ರಲ್ಲಿ ಜನರನ್ನೇ ಕೇಳಿದರು. ಫುಲ್ಟನ್, ಡಿಕಾಲ್ಬ್ ಕೌಂಟಿಗಳು ಒಪ್ಪಿದವು. ಕ್ಲೇಟನ್, ಗ್ವಿನೆಟ್ ಒಪ್ಪಲಿಲ್ಲ. ರೈಲಿನೊಂದಿಗೆ ಕಪ್ಪು ಜನರೂ ತಮ್ಮ ಬಡಾವಣೆಗೆ ಬಂದಾರೆಂಬ ಬಿಳಿಯರ ಅಂಜಿಕೆಯೂ ಇದಕ್ಕೆ ಒಂದು ಕಾರಣ. ಕ್ಲೇಟನ್ ಸೇರಿಕೊಂಡದ್ದು 2014ರಲ್ಲಿ. ಗ್ವಿನೆಟ್ 2019ರಲ್ಲೂ ಬೇಡವೆಂದಿತು. ನಗರ ಬೆಳೆದು ಹಬ್ಬಿತು, ಹಳಿ ಹಬ್ಬಲಿಲ್ಲ.

ಫಿಲಡೆಲ್ಫಿಯಾದ ಬಸ್ಸುಗಳು ಸೆಪ್ಟೆಂಬರಿನಲ್ಲಿ ಮತ್ತೆ ಓಡಿದವು. ಹಣ ಬಂದದ್ದು ಎಲ್ಲಿಂದ ಬಲ್ಲಿರಾ? ದುರಸ್ತಿ ಮತ್ತು ಹೊಸ ವಾಹನಗಳಿಗೆಂದು ಇಟ್ಟಿದ್ದ ಮೊತ್ತದಲ್ಲಿ 39.4 ಕೋಟಿ ಡಾಲರ್‌ವರೆಗೆ ಎರಡು ವರ್ಷಗಳ ದಿನದ ಖರ್ಚಿಗೆ ಬಳಸಲು ರಾಜ್ಯ ಅನುಮತಿ ಕೊಟ್ಟಿತು. ಅದೇ ವರ್ಷ ಅಲ್ಲಿ 1970ರ ದಶಕದ ಹಳೆಯ ರೈಲು ಬೋಗಿಗಳು ಹಲವು ಬಾರಿ ಬೆಂಕಿಗೆ ತುತ್ತಾಗಿದ್ದವು.